ಹೂ ಬಿದ್ದ ಕಣ್ಣಿನ ಮಾವ

ಸೋದರಮಾವನ ಕಣ್ಣಿನ ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆಗಳಿದ್ದವು, ಚಿರೋಟಿ ರವೆ ಉದುರಿಸಿದಂತೆ. ಬಿಸಿಲಿಗೆ ಬಂದರೆ ಎರಡೂ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಆದರೂ ಹುಣಸೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಕರಿಹಲಗೆಗೆ ಮೂಗು ತಾಗಿಸಿಕೊಂಡು ಚಿತ್ರ ಬರೆದು, ಮೂಗಿನ ಸೀಮೆಸುಣ್ಣ ಒರೆಸಿಕೊಳ್ಳದೆಯೇ ಬಸ್ಸು ಹತ್ತಿ ಬೆಟ್ಟದಪುರದ ನಮ್ಮ ಮನೆಗೆ ಬಂದುಬಿಡುತ್ತಿದ್ದರು.

ನಮ್ಮ ಕಡೆ ಇದನ್ನು ಕಣ್ಣಿಗೆ ಹೂ ಬೀಳುವುದು ಎನ್ನುತ್ತಾರೆ. ಮನೆಯಲ್ಲಿ ಒಬ್ಬೊಬ್ಬರ ಹೂವಿಗೂ ಒಂದೊಂದು ಕಾರಣ ಹುಡುಕಿಟ್ಟಿದ್ದರು. ಅವ್ವನ ಅಪ್ಪ, ನನ್ನ ಅಜ್ಜನಿಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನ ಹೊಗೆ, ಅವ್ವನಿಗೆ ಒಲೆಯ ಹೊಗೆ, ಮಾವನಿಗೆ ಅತಿಯಾದ ಓದು. ನನ್ನ ಕಣ್ಣಲ್ಲಿ ಚುಕ್ಕೆ ಕಂಡಾಗ ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದೇ ಕಾರಣವೆಂದು ಅವ್ವ ತನ್ನನ್ನೇ ಶಪಿಸಿಕೊಂಡಳು. ಓದಿದರೆ ಇರುವ ನೋಟವೂ ಹೋದೀತೆಂದು, ಕಾಲೇಜಿನ ಮಾತೇ ಬೇಡ ಎಂದು ಕೂತಳು. ನಾನು ಊಟ ಬಿಟ್ಟು ಅತ್ತರೂ ಅವಳು ಜಗ್ಗಲಿಲ್ಲ.

ಹಟದಲ್ಲಿ ಮಾವ ಅವ್ವನಿಗೆ ತಕ್ಕ ಅಣ್ಣ. ಸುದ್ದಿ ತಿಳಿದ ಭಾನುವಾರವೇ ಬಂದರು. ಆ ಹೊತ್ತಿಗಾಗಲೇ ಮೈಸೂರಿನ ಗ್ರಂಥಾಲಯದಲ್ಲಿ ಕೂತು ಈ ಕಾಯಿಲೆಯ ಮೂಲವನ್ನು ಓದಿದ್ದರು, ಕಣ್ಣಿನ ಡಾಕ್ಟರರ ಹತ್ತಿರ ಖಾತ್ರಿಯನ್ನೂ ಮಾಡಿಕೊಂಡಿದ್ದರು. ಒಲೆಯ ಮುಂದೆ ಅವ್ವನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

“ನಿನ್ನ ರವಿಕೆಗೂ ಟಿಚ್ ಬಟನ್ ಅದೆ, ಮಗೀನ ಅಂಗಿಗೂ ಅದೆ, ಕೈಚೀಲಕ್ಕೂ ಅದೆ. ಬಟ್ಟೆ ಬ್ಯಾರೆ, ಬಟನ್ ಒಂದೇ ತಾನೆ?” ಎಂದರು.

ಅವ್ವ ಊದುಕೊಳವೆ ಕೆಳಗಿಟ್ಟು ನೋಡಿದಳು.

“ಮೈಯಾಗಿರೋ ಜೀವಕೋಶಗಳೂ ಅಂಗೇ ಒಂದುನ್ನೊಂದು ಹಿಡ್ಕಂಡಿರೋದು ಕಣವ್ವ. ಅವುಗಳ ಮೇಲೆ ಥರಾವರಿ ಪ್ರೋಟೀನು. ಅಂಟ್ಕಳೋ ತುಂಡು ಮಾತ್ರ ಒಂದೇ ನಮೂನೆ. ನೊಣದ ನರದಾಗೂ ಅದೆ, ನಮ್ಮ ಕಣ್ಣಾಗೂ ಅದೆ. ನಮ್ಮ ವಂಶದೋರ ಕಣ್ಣಾಗೆ ಆ ತುಂಡು ಒಂಚೂರು ಸೊಟ್ಟ. ಗಂಟುಗಂಟಾಗಿ ಕೂತ್ಕತದೆ. ಅದೇ ಈ ಹೂವು. ಅಪ್ಪಯ್ಯನಿಂದ ನಮಗೆ ಬಂತು, ನಿನ್ನಿಂದ ಇವಳಿಗೆ. ಗ್ರಹಣ ಏನ್ ಮಾಡ್ತು ಪಾಪ?”

“ಓದುದ್ರೆ ಜಾಸ್ತಿ ಆಯ್ತದೆ ಕಣಣ್ಣ,” ಎಂದಳು ಅವ್ವ.

“ನೀನ್ಯಾವ ಕಾಲೇಜಿಗೆ ಹೋಗಿದ್ದೆ? ನಿನ್ನ ಕಣ್ಗ್ಯಾಕ್ ಬಂತು?”

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, “ಅಂಗಾರೆ ನನ್ ತಪ್ಪಲ್ವಾ?” ಎಂದು ಮೆಲ್ಲಗೆ ಕೇಳಿದಳು.

“ನಿಂದೂ ಅಲ್ಲ, ಅಪ್ಪಯ್ಯಂದೂ ಅಲ್ಲ. ಬರೋದು ಬತ್ತದೆ. ಓದ್ಕಂಡಿರೋವಾಗ್ಲೇ ಬರಲಿ ಬುಡು.”

ಆ ಜೂನಿನಲ್ಲಿ ನಾನು ಮಾವನ ಕಾಲೇಜಿಗೇ ಸೇರಿದೆ. ಅಲ್ಲಿ ಅವರು ನನಗೆ ಎಳ್ಳಷ್ಟೂ ಮಾವನಾಗಿರಲಿಲ್ಲ. ಚಿತ್ರ ಸೊಟ್ಟಗಾದರೆ, “ಕಣ್ಣಿನ ನೆಪ ಹೇಳ್ಬ್ಯಾಡ, ಇನ್ನೊಂದು ಬರಿ,” ಎಂದು ಎಲ್ಲರೆದುರೇ ಗದರುತ್ತಿದ್ದರು. ಮುಂದೆ ಡಾಕ್ಟರರು ಅವರ ಕಣ್ಣಿಗೆ ದಾನವಾಗಿ ಬಂದ ಕಾರ್ನಿಯಾ ಹಾಕಿದರು. ಕೆಲವು ವರ್ಷಕ್ಕೆ ಅದರಲ್ಲೂ ಚುಕ್ಕೆ ಮೂಡಿದವು. “ಮತ್ತೆ ಬಂದ್ರೆ ಮತ್ತೆ ಹಾಕುಸ್ಕಳದು,” ಎಂದು ನಕ್ಕರು. ಅಷ್ಟರಲ್ಲಿ ಹೃದಯ ಕೈಕೊಟ್ಟಿತು.

ಅವರು ಹೋಗಿ ಬಹಳ ವರ್ಷವಾಯಿತು. ನಾನೂ ಜೀವಶಾಸ್ತ್ರವನ್ನೇ ಕಲಿಸುತ್ತಿದ್ದೇನೆ. ಮೊನ್ನೆ ನನ್ನ ಮಗಳ ಕಣ್ಣಲ್ಲಿ ಮೊದಲ ಚುಕ್ಕೆ ಕಂಡೆ. ಅಳಲಿಲ್ಲವೆಂದರೆ ಸುಳ್ಳಾಗುತ್ತದೆ. ಬಚ್ಚಲಿಗೆ ಹೋಗಿ ಅತ್ತೆ. ಮಾವ ಇರಬೇಕಿತ್ತು ಅನ್ನಿಸಿತು. ಆಮೇಲೆ ಮುಖ ತೊಳೆದುಕೊಂಡು ಅವಳಿಗೆ ಜಡೆ ಹಾಕಿ, ಸ್ಕೂಲಿನ ಬಸ್ಸು ಹತ್ತಿಸಿ ಬಂದೆ.