ಡ್ರೈವಿಂಗ್ ಮೇಡಂ ಮತ್ತು ತುಕ್ಕು ಹಿಡಿದ ಮಡ್‌ಗಾರ್ಡು

ಅವರ ಎಡಗೈ ಬಲಗೈಗಿಂತ ಕಪ್ಪಗಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ಅದು ಬೇರೆ ಯಾರದೋ ಕೈ ಎನ್ನಿಸುವಷ್ಟು ಬಣ್ಣದಲ್ಲಿ ವ್ಯತ್ಯಾಸ. ಕಾರಿನ ಎಡಗಡೆಯ ಸೀಟಿನಲ್ಲಿ ಕೂತು, ಆ ಕೈಯನ್ನು ಕಿಟಕಿಯ ಮೇಲೆ ಚಾಚಿ, ರಾಜಾಜಿನಗರದ ಬಿಸಿಲಿನಲ್ಲಿ ವರ್ಷಾನುಗಟ್ಟಲೆ ಹೆಂಗಸರಿಗೆ ಡ್ರೈವಿಂಗ್ ಕಲಿಸಿದ್ದರಿಂದ ಹಾಗಾಗಿತ್ತು. ಯಾರಾದರೂ ಹೊಸಬರು ಅದನ್ನೇ ನೋಡುತ್ತಿದ್ದರೆ ಎರಡೂ ಕೈಗಳನ್ನು ಒಟ್ಟಿಗೆ ಮುಂದೆ ಹಿಡಿದು, "ಇದು ಮನೇದು, ಇದು ರೋಡಿಂದು" ಎನ್ನುತ್ತಿದ್ದರು.

ನಾವೆಲ್ಲ ಅವರನ್ನು ಮೇಡಂ ಎಂದು ಕರೆಯುತ್ತಿದ್ದೆವು. ಚಿಕ್ಕ ವಯಸ್ಸಿನಲ್ಲಿ ಅವರು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಸ್ವಿಚ್ಚು ಜೋಡಿಸುವ ಕೆಲಸ ಮಾಡುತ್ತಿದ್ದರಂತೆ. ಕಾರ್ಖಾನೆ ಮುಚ್ಚಿದಾಗ ಬಂದ ಪರಿಹಾರದ ಹಣದಲ್ಲಿ ಜೊತೆಯವರು ಚಿನ್ನ ಕೊಂಡರು, ಸೈಟು ಕೊಂಡರು. ಇವರು ಕಾರು ಕೊಂಡರು. ಮದುವೆಯಾಗಿರಲಿಲ್ಲ. ತಮ್ಮನ ಮನೆಯ ಮಹಡಿಯ ಮೇಲೊಂದು ರೂಮು, ಕೆಳಗೆ ಪೋರ್ಟಿಕೋದಲ್ಲಿ ಆ ಬಿಳಿ ಕಾರು, ಗೇಟಿಗೆ "ಹೆಂಗಸರಿಗೆ ಕಾರು ಕಲಿಸಲಾಗುವುದು" ಎಂಬ ಒಂದು ತಗಡಿನ ಬೋರ್ಡು. ಅವರ ಸಂಸಾರವೆಂದರೆ ಅಷ್ಟೇ.

ನಾನು ಅವರ ಬಳಿ ಹೋದದ್ದು ಹುಮ್ಮಸ್ಸಿನಿಂದಲ್ಲ. ಅಮ್ಮನಿಗೆ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಶುರುವಾಗಿತ್ತು. ಕುರುಬರಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಇದ್ದವರು ನಾವಿಬ್ಬರೇ. ನಾನು ಬಸವೇಶ್ವರನಗರದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ವಾರಕ್ಕೆ ಮೂರು ಸಲ ಅಮ್ಮನನ್ನು ವಿಜಯನಗರದ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಳಿಗ್ಗೆ ಆಟೋ ಬುಕ್ ಮಾಡಿದರೆ ಒಪ್ಪಿಕೊಂಡವನು ಹತ್ತಿರ ಬಂದು ಕ್ಯಾನ್ಸಲ್ ಮಾಡುತ್ತಿದ್ದ. ಅಮ್ಮ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು. ಡಯಾಲಿಸಿಸ್ ಮುಗಿಸಿ ಬರುವಾಗ ಆಟೋ ಪ್ರತಿಯೊಂದು ಹಳ್ಳಕ್ಕೂ ಎಗರಿದಾಗ ಅವಳು ಕಣ್ಣು ಮುಚ್ಚಿಕೊಂಡು ನನ್ನ ತೊಡೆಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು. ಒಂದು ದಿನ ಮೇಡಂ ಮನೆಯ ಮುಂದೆ ಹಾದುಹೋಗುವಾಗ ಆ ಬೋರ್ಡು ಕಂಡಿತು.

"ಯಾಕೆ ಕಲೀಬೇಕು?" ಎಂದು ಕೇಳಿದರು. ಹೇಳಿದೆ.

"ಸರಿ, ನಾಳೆಯಿಂದ ಬನ್ನಿ. ಚಪ್ಪಲಿ ಹಾಕ್ಕೊಂಡು ಬರ್ಬೇಡಿ, ಶೂ ಹಾಕ್ಕೊಳಿ."

ಕಲಿಸುವಾಗ ಅವರು ಮೃದು ಮನುಷ್ಯರೇನಲ್ಲ. ಆಟೋದವರ ಜೊತೆ ಜಗಳ, ಡೆಲಿವರಿ ಹುಡುಗರ ಜೊತೆ ಜಗಳ, ರಸ್ತೆಯ ಮಧ್ಯೆ ಮಲಗಿದ ಹಸುವಿನ ಜೊತೆಗೂ ಒಂದು ಮಾತು. ಹಿಂದಿನವರು ಹಾರ್ನ್ ಹೊಡೆದು ನಾನು ಗಡಿಬಿಡಿ ಮಾಡಿದರೆ, "ಅವಸರ ಇರೋದು ಅವರಿಗೆ. ನಿಮಗೆ ಏನಾಗಿದೆ?" ಎನ್ನುತ್ತಿದ್ದರು. ಕ್ಲಾಸಿನ ಕೊನೆಗೆ ದರ್ಶಿನಿಯೊಂದರ ಮುಂದೆ ಗಾಡಿ ನಿಲ್ಲಿಸಿ ಬೈಟು ಕಾಫಿ ಕುಡಿಯುವ ಪದ್ಧತಿ ಇತ್ತು. ನಿಲ್ಲಿಸಬೇಕಾದವರು ನಾವೇ. ಗಾಡಿ ಸೊಟ್ಟಗೆ ನಿಂತರೆ ಕಾಫಿ ಇಲ್ಲ. ಮೊದಲ ಹದಿನೈದು ದಿನ ನನಗೆ ಕಾಫಿ ಸಿಗಲಿಲ್ಲ, ಅವರೂ ಕುಡಿಯಲಿಲ್ಲ.

ಮಹಾಲಕ್ಷ್ಮಿ ಲೇಔಟಿನ ಏರಿನಲ್ಲಿ ಒಂದು ಸಲ ಗಾಡಿ ಆಫ್ ಆಯಿತು. ಸ್ಟಾರ್ಟ್ ಮಾಡಿ ಕ್ಲಚ್ ಬಿಟ್ಟರೆ ಮತ್ತೆ ಆಫ್. ಹಿಂದೆ ಬಸ್ಸು, ಅದರ ಹಿಂದೆ ಒಂದು ಸಾಲು. ನಾನು ಸ್ಟಿಯರಿಂಗ್ ಬಿಟ್ಟು ಅಳಲು ಶುರು ಮಾಡಿದೆ. ಮೇಡಂ ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತೆಗೆದು ಇಳಿದೇಬಿಟ್ಟರು. ಕನ್ನಡಿಯಲ್ಲಿ ನೋಡುತ್ತೇನೆ, ಕಾರಿನ ಹಿಂದೆ ನಿಂತು ಡಿಕ್ಕಿಯ ಮೇಲೆ ಕೈಯಿಟ್ಟಿದ್ದಾರೆ. ಬಸ್ಸಿನ ಡ್ರೈವರಿಗೆ ಏನೋ ಹೇಳಿದರು, ಅವನು ಹಾರ್ನ್ ನಿಲ್ಲಿಸಿದ. ನನಗೆ ಕೇಳುವಂತೆ ಕೂಗಿದರು: "ನಾನು ಹಿಂದೆ ನಿಂತಿದೀನಿ. ಇನ್ನು ನಿಮಗೆ ಹಿಂದಕ್ಕೆ ಹೋಗೋಕಾಗಲ್ಲ. ಮುಂದಕ್ಕೆ ಹೋಗಿ."

ಹೋದೆ. ಏರಿನ ತುದಿಯಲ್ಲಿ ನಿಲ್ಲಿಸಿದಾಗ ಅವರು ಏದುಸಿರು ಬಿಡುತ್ತಾ ನಡೆದು ಬಂದು ಕೂತರು. "ಮೇಡಂ, ಗಾಡಿ ಹಿಂದಕ್ಕೆ ಬಂದಿದ್ರೆ?" ಎಂದೆ.

"ಪಕ್ಕಕ್ಕೆ ನಿಂತಿದ್ದೆ ಕಣಮ್ಮ. ನಿಮ್ಮ ಕನ್ನಡೀಲಿ ಹಂಗೆ ಕಂಡಿರುತ್ತೆ" ಎಂದರು. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಲೈಸೆನ್ಸ್ ಬಂತು. ಗಾಡಿ ಕೊಳ್ಳುವ ಶಕ್ತಿ ಮಾತ್ರ ನನಗಿರಲಿಲ್ಲ. ಅದನ್ನು ನಾನು ಹೇಳುವ ಮೊದಲೇ ಅವರು ಕೀ ಮುಂದೆ ಹಿಡಿದರು. "ಬೆಳಿಗ್ಗೆ ಕ್ಲಾಸ್ ಮುಗಿದ್ಮೇಲೆ ಇದು ಸುಮ್ನೆ ನಿಂತಿರುತ್ತೆ. ಅಮ್ಮನ್ನ ಕರ್ಕೊಂಡು ಹೋಗಿ." ಹೀಗೆ ಆ ಬಿಳಿ ಕಾರು ನಮ್ಮದೂ ಆಯಿತು. ಅಮ್ಮ ಹಿಂದಿನ ಸೀಟಿನಲ್ಲಿ ಎಡಗಡೆ ಕೂತು, ದಿಂಬಿಗೆ ಒರಗಿ, ಕಿಟಕಿಯಿಂದ ಅಂಗಡಿಗಳನ್ನು ನೋಡುತ್ತಾ ಹೋಗುತ್ತಿದ್ದಳು.

ಒಂದು ಮಳೆಗಾಲದಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದು ಇಳಿದಾಗ ಅಮ್ಮನ ಸೀರೆಯ ಅಂಚು ಒದ್ದೆಯಾಗಿತ್ತು. ಒದ್ದೆಯಾದ ಕಡೆಯೆಲ್ಲ ಇಟ್ಟಿಗೆ ಬಣ್ಣದ ಕಲೆ. ಕೇಳಿದರೆ, "ಅವಾಗಿಂದ ಕಾಲಿಗೆ ನೀರು ಬರ್ತಿತ್ತು. ಪಾಪ, ಯಾರದೋ ಗಾಡಿ, ಏನಂತ ಹೇಳೋದು ಅಂತ ಸುಮ್ನಿದ್ದೆ" ಎಂದಳು.

ಕೀ ಕೊಡಲು ಹೋದಾಗ ಮೇಡಂಗೆ ಹೇಳಿದೆ. ಅವರು ಹಿಂದಿನ ಮ್ಯಾಟು ಎತ್ತಿದರು. ಕೆಳಗೆ ನೀರು ನಿಂತಿತ್ತು. ಒಂದು ಗೋಣಿಚೀಲ ತಂದು ಹಾಸಿ, ಸೀರೆ ಎತ್ತಿ ಕಟ್ಟಿ, ಟಾರ್ಚು ಹಿಡಿದು ಹಿಂದಿನ ಚಕ್ರದ ಹತ್ತಿರ ಮಲಗಿದರು. ಚಕ್ರದ ಮೇಲೆ ಕಮಾನಿನಂತೆ ಬಾಗಿದ ತಗಡು ಇರುತ್ತದಲ್ಲ, ನಾವು ಮಡ್‌ಗಾರ್ಡು ಎನ್ನುವುದು, ಅದರ ಒಳಮೈಗೆ ಸ್ಕ್ರೂಡ್ರೈವರಿನಿಂದ ಒತ್ತಿದರು. ಅದು ಬಿಸ್ಕತ್ತಿನ ಹಾಗೆ ಒಳಕ್ಕೆ ಹೋಯಿತು. ಹೊರಗಡೆ ನುಣ್ಣಗಿದ್ದ ಬಿಳಿ ಬಣ್ಣದ ಹಿಂದೆ ಇದ್ದದ್ದು ದಪ್ಪ ಪುಟ್ಟಿ, ಪುಟ್ಟಿಯ ಹಿಂದೆ ಬರೀ ತುಕ್ಕು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಬಣ್ಣ ಮಾಡಿಸಿದ್ದಾಗ ತುಕ್ಕು ತೆಗೆಯದೆ ಮೇಲೆ ಮೆತ್ತಿ ಕಳಿಸಿದ್ದರು.

ಮೇಡಂ ಎದ್ದು ಬಂದು ಹಿಂದಿನ ಸೀಟಿನಲ್ಲಿ, ಅಮ್ಮ ಕೂರುವ ಜಾಗದಲ್ಲಿ ಕೂತರು. ಸೀಟ್ ಬೆಲ್ಟ್ ಹಿಡಿದು ಜೋರಾಗಿ ಎಳೆದರು. ಬೆಲ್ಟಿನ ಬೋಲ್ಟು ಕೂತಿದ್ದ ತಗಡೇ ಅಲುಗಾಡಿತು. ಇನ್ನೊಮ್ಮೆ ಎಳೆದು ನೋಡಿದರು.

"ಇಷ್ಟು ದಿನ ಅವರನ್ನ ಇದಕ್ಕೆ ಕಟ್ಟಿ ಕಳಿಸ್ತಿದ್ದೆ ನಾನು" ಎಂದರು. ನನ್ನ ಕೈಯಿಂದ ಕೀ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇದು ಸರಿ ಹೋಗೋವರ್ಗೂ ಯಾರೂ ಕೂರೋ ಹಂಗಿಲ್ಲ."

ಅವರ ತಮ್ಮ ಕೆಳಗಿಳಿದು ಬಂದು ನೋಡಿ, "ಅಕ್ಕ, ಗುಜರಿಗೆ ಹಾಕ್ಬಿಡು. ಇದರ ಕಥೆ ಮುಗೀತು" ಎಂದರು. ಕಾಮಾಕ್ಷಿಪಾಳ್ಯದಿಂದ ಬಂದ ವೆಲ್ಡರ್ ಅಣ್ಣ ಬೇರೆ ದಾರಿ ಹೇಳಿದ. "ಮೇಲಿಂದ ಒಂದು ತಗಡು ಹೊಡೆದು ಪುಟ್ಟಿ ಹಾಕ್ಬಿಡ್ತೀನಿ ಮೇಡಂ. ಎರಡು ದಿನದ ಕೆಲಸ. ಯಾರಿಗೂ ಗೊತ್ತಾಗಲ್ಲ."

"ಯಾರಿಗೂ ಗೊತ್ತಾಗಲ್ಲ ಅನ್ನೋದೇ ನನಗೆ ಬೇಡ. ಗಟ್ಟಿ ಕಬ್ಬಿಣ ಸಿಗೋವರ್ಗೂ ಕೊಯ್ಯಿ."

"ಕೊಯ್ದ್ರೆ ಅರ್ಧ ಹಿಂಭಾಗ ಹೋಗುತ್ತೆ."

"ಹೋಗ್ಲಿ."

ಅವರು ಕ್ಲಾಸು ನಿಲ್ಲಿಸಿದರು. ಕಲಿಯುತ್ತಿದ್ದವರಲ್ಲಿ ಕೆಲವರು ಬೇರೆ ಸ್ಕೂಲಿಗೆ ಹೋದರು. ಅದಕ್ಕೆ ಅವರಿಗೆ ಬೇಸರವಾಯಿತು, ಮುಚ್ಚಿಡಲಿಲ್ಲ. ನಾವು ಮತ್ತೆ ಆಟೋಕ್ಕೆ ಬಂದೆವು. ಮೊದಲ ದಿನವೇ ಮೇಡಂ ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಬಂದು ನಿಂತಿದ್ದರು. "ನಾನೂ ಬರ್ತೀನಿ. ಮನೇಲಿ ಕೂತು ಏನ್ ಮಾಡ್ಲಿ" ಎಂದು ಅಮ್ಮನ ಇನ್ನೊಂದು ಪಕ್ಕಕ್ಕೆ ಹತ್ತಿ ಕೂತು, ದಾರಿಯುದ್ದಕ್ಕೂ ಆಟೋದವನಿಗೆ ಹಳ್ಳ ತೋರಿಸಿದರು. ನಾನು ಅಲ್ಲಿಂದ ಕೆಲಸಕ್ಕೆ ಹೋದರೆ, ರಕ್ತ ಶುದ್ಧವಾಗುವಷ್ಟು ಹೊತ್ತೂ ಅವರೇ ಅಮ್ಮನ ಬಳಿ ಇರುತ್ತಿದ್ದರು. ಇಬ್ಬರೂ ಏನು ಮಾತಾಡುತ್ತಿದ್ದರೋ. ಒಂದು ಸಂಜೆ ಅಮ್ಮ, "ನಾಳೆ ಡಯಾಲಿಸಿಸ್ ಇಲ್ವಲ್ಲ, ಆ ಗಾಡಿ ಏನಾಗಿದೆ ನೋಡ್ಕೊಂಡು ಬರೋಣ್ವಾ?" ಎಂದು ಕೇಳಿದಳು. ಆಸ್ಪತ್ರೆ ಬಿಟ್ಟು ಬೇರೆಲ್ಲಿಗಾದರೂ ಹೋಗೋಣ ಎಂದು ಅವಳು ಕೇಳಿ ಬಹಳ ಕಾಲವಾಗಿತ್ತು.

ಹೋದೆವು. ವೆಲ್ಡರ್ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟಿದ್ದ. ಎರಡೂ ಕಡೆ ತುಕ್ಕು ಹಿಡಿದ ಭಾಗ ಕೊಯ್ದು ಹೊಸ ತಗಡು ಕೂರಿಸಿ ಬೆಸುಗೆ ಹಾಕಿದ್ದ. ಬಿಳಿ ಕಾರಿಗೆ ಹೊಸ ತಗಡಿನ ತುಂಡುಗಳು ತೇಪೆ ಹಾಕಿದ ಹಾಗೆ ಹೊಳೆಯುತ್ತಿದ್ದವು. ಉಳಿದ ಕೆಲಸ ಮೇಡಂ ತಾವೇ ಮಾಡುತ್ತಿದ್ದರು. ತಲೆಗೆ ಟವೆಲು ಸುತ್ತಿ, ತಂತಿ ಬ್ರಶ್ಶಿನಿಂದ ಅಂಚುಗಳ ಸಣ್ಣ ತುಕ್ಕನ್ನು ಉಜ್ಜುತ್ತಿದ್ದರು.

ಅಮ್ಮನಿಗೆ ಪೋರ್ಟಿಕೋದಲ್ಲಿ ಒಂದು ಸ್ಟೂಲು ಹಾಕಿದರು. ಅವಳು ಕೂತಳು. ಕಾಯಿಲೆ ಬಂದಾಗಿನಿಂದ ಎಲ್ಲರೂ ಅವಳಿಗೆ ಹೇಳುತ್ತಿದ್ದುದು ಅದನ್ನೇ: ಕೂತ್ಕೊಳಿ. ಸೊಪ್ಪು ಬಿಡಿಸಲು ಹೋದರೂ ನಾನು ಕೈಯಿಂದ ಕಿತ್ತುಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮೇಡಂ ತಲೆಯೆತ್ತಿ, "ಸುಮ್ನೆ ಕೂತಿದೀರಲ್ಲ, ಈ ಕಡೇದು ಉಜ್ಜಿ" ಎಂದು ಒಂದು ಚೂರು ಎಮರಿ ಪೇಪರ್ ಅವಳ ಕೈಗೆ ಕೊಟ್ಟರು.

"ಮೇಡಂ, ಅಮ್ಮನಿಗೆ ಆಗಲ್ಲ" ಎಂದೆ.

"ನಿನ್ನ ಯಾರು ಕೇಳಿದ್ದು?" ಎಂದಳು ಅಮ್ಮ.

ಸೂಜಿ ಚುಚ್ಚುವ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಮೂಗಿಗೆ ಸೆರಗು ಕಟ್ಟಿ, ಬಲಗೈಯಲ್ಲಿ ಉಜ್ಜಲು ಶುರು ಮಾಡಿದಳು. ಸುಸ್ತಾದಾಗ ನಿಲ್ಲಿಸುತ್ತಿದ್ದಳು, ಮತ್ತೆ ಉಜ್ಜುತ್ತಿದ್ದಳು. ಕಂದು ಹೋಗಿ ಬೆಳ್ಳಗಿನ ಕಬ್ಬಿಣ ಕಂಡಾಗ ಅದರ ಮೇಲೆ ಬೆರಳಾಡಿಸಿ, "ಇಲ್ಲಿ ನೋಡ್ರಿ ಮೇಡಂ, ಸಾಕಾ?" ಎಂದಳು. ಮೇಡಂ ಬಂದು ಬಗ್ಗಿ ನೋಡಿದರು. ಉಪಚಾರಕ್ಕೆ ಸಾಕು ಎನ್ನುತ್ತಾರೆ ಎಂದುಕೊಂಡೆ. "ಈ ಮೂಲೇಲಿ ಇನ್ನೂ ಇದೆ" ಎಂದರು. ಅಮ್ಮ ತಲೆಯಾಡಿಸಿ ಮತ್ತೆ ಆ ಮೂಲೆಗೆ ಕೈ ಹಾಕಿದಳು. ಅಷ್ಟು ಸಂತೋಷದಿಂದ ಅವಳು ಯಾರ ಮಾತನ್ನೂ ಕೇಳಿದ್ದನ್ನು ನಾನು ನೋಡಿರಲಿಲ್ಲ.

ಮುಂದಿನ ಬಿಡುವಿನ ದಿನ ಉಜ್ಜಿದ ಜಾಗಕ್ಕೆಲ್ಲ ಇಬ್ಬರೂ ಸೇರಿ ಕೆಂಪು ಪ್ರೈಮರ್ ಬಳಿದರು. ಹೊರಮೈಯನ್ನು ಮೇಡಂ ಅಮ್ಮನಿಗೇ ಬಿಟ್ಟಿದ್ದರು. ನೆಲದ ಮೇಲೆ ಮಲಗಿ, ಒಳಗಡೆ ತಗಡು ಸೇರುವ ಸಂದಿಗಳಿಗೆ ನೀರು ನುಗ್ಗದ ಹಾಗೆ ತಾವು ಸೀಲೆಂಟ್ ತುಂಬಿದರು, ಅದು ಒಣಗಿದ ಮೇಲೆ ಡಾಂಬರಿನಂಥ ಕಪ್ಪು ಕೋಟಿಂಗ್ ಹೊಡೆದರು. ನೀರು ಹೊರಗೆ ಹೋಗಬೇಕಾದ ಸಣ್ಣ ತೂತುಗಳಲ್ಲಿ ಒಣಗಿದ ಕೆಸರು ಗಟ್ಟಿಯಾಗಿ ಕೂತಿತ್ತು. ತಂತಿಯಿಂದ ಚುಚ್ಚಿ ತೆಗೆದರು. "ಈ ಕೆಸರೇ ತಿಂದಿದ್ದು. ಮಳೇಲಿ ಓಡಿಸಿ ಬಂದ ದಿನ ಕೆಳಗಡೆಗೂ ಪೈಪು ಹಿಡೀಬೇಕಿತ್ತು. ನಾನು ಬರೀ ಮೇಲೆ ಒರೆಸ್ತಿದ್ದೆ" ಎಂದು ತಮ್ಮನ್ನೇ ಬೈದುಕೊಂಡರು. ಬಿಳಿ ಬಣ್ಣ ಪೂರ್ತಿ ಹೊಂದಲಿಲ್ಲ. ಹೊಸ ಜಾಗ ಸ್ವಲ್ಪ ಕೆನೆ ಬಣ್ಣ ತಿರುಗಿತ್ತು. ಹಾಗೇ ಇರಲಿ ಎಂದರು.

ಕೊನೆಗೆ ಪರೀಕ್ಷೆ. ಮೇಡಂ ಮೊದಲು ತಾವೇ ಹಿಂದೆ ಕೂತು ಬೆಲ್ಟನ್ನು ಶಕ್ತಿಯೆಲ್ಲ ಹಾಕಿ ಎಳೆದು ನೋಡಿದರು. ತಗಡು ಕದಲಲಿಲ್ಲ. ಆಮೇಲೆ ಅಮ್ಮ ಬಂದು ಕಾಲ ಕೆಳಗೆ ಪೇಪರ್ ಹಾಸಿಕೊಂಡು ಕೂತಳು. ಮೇಡಂ ಎರಡೂ ಚಕ್ರಗಳ ಮೇಲಕ್ಕೆ ಪೈಪಿನಿಂದ ಜೋರಾಗಿ ನೀರು ಬಿಟ್ಟರು. ಬಹಳ ಹೊತ್ತು ಬಿಟ್ಟರು. ಬಾಲ್ಕನಿಯಲ್ಲಿ ನಿಂತಿದ್ದ ಅವರ ತಮ್ಮ, "ಅಕ್ಕ, ಟ್ಯಾಂಕ್ ಖಾಲಿ ಆಗುತ್ತೆ" ಎಂದರೂ ನಿಲ್ಲಿಸಲಿಲ್ಲ. ಆಮೇಲೆ ಅಮ್ಮ ಪೇಪರ್ ಎತ್ತಿ ಹಿಂದು ಮುಂದು ತಿರುಗಿಸಿ ಕಿಟಕಿಯಿಂದ ಹೊರಗೆ ಹಿಡಿದಳು. ಒಂದು ಹನಿಯೂ ಇರಲಿಲ್ಲ.

ಅಮ್ಮ ಆಮೇಲೆ ಎರಡು ವರ್ಷ ಬದುಕಿದ್ದಳು. ಆ ಗಾಡಿಯಲ್ಲೇ ಓಡಾಡಿದಳು. ವಾರ್ಡಿನಲ್ಲಿ ಪಕ್ಕದ ಬೆಡ್ಡಿನವರಿಗೆ, "ನಾವು ಗಾಡಿ ರಿಪೇರಿ ಮಾಡಿದ್ವಿ" ಎಂದು ಹೇಳುತ್ತಿದ್ದಳು, ಅವರು ನಂಬುತ್ತಿರಲಿಲ್ಲ. ಅವಳು ಹೋದ ದಿನ ಮೇಡಂ ಬಂದು ಅಡುಗೆಮನೆಯಲ್ಲಿ ನಿಂತು, ಬಂದವರಿಗೆಲ್ಲ ಕಾಫಿ ಮಾಡಿದರು.

ಕಣ್ಣು ಮಂಜಾದಾಗ ಅವರು ತಾವೇ ಕಲಿಸುವುದನ್ನು ನಿಲ್ಲಿಸಿ ಕಾರು ಮಾರಿದರು. ಕೊಳ್ಳಲು ಬಂದವರು ವಿಜಯಪುರದ ಕಡೆಯ ಒಬ್ಬರು, ಶ್ರೀಗಂಧದ ಕಾವಲ್‌ನಲ್ಲಿ ರೊಟ್ಟಿ ಅಂಗಡಿ ಇಟ್ಟಿದ್ದರು. ಬಂದವರನ್ನು ಮೇಡಂ ನೆಲಕ್ಕೆ ಬಗ್ಗಿಸಿ, ಎಲ್ಲೆಲ್ಲಿ ತುಕ್ಕಿತ್ತು, ಎಲ್ಲಿಂದ ಎಲ್ಲಿಯವರೆಗೆ ಹೊಸ ತಗಡು ಎಂದು ಟಾರ್ಚು ಬಿಟ್ಟು ತೋರಿಸಿದರು. ಅವರು, "ಆಗ್ಲಿ ಬಿಡ್ರೀ ಅಕ್ಕಾರ, ಸಾಕು" ಎಂದರೂ ಬಿಡದೆ ಇನ್ನೊಂದು ಪಕ್ಕದ್ದನ್ನೂ ತೋರಿಸಿದರು.

ಹೋದ ವರ್ಷ ಮೇಡಂ ಅವರ ಹೃದಯ ದುರ್ಬಲವಾಗಿದೆ ಎಂದು ಡಾಕ್ಟರು ಹೇಳಿದರು. ಕೆಂಗೇರಿಯ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದರು. ಮನೆಗೆ ಕಳಿಸಿದ ಮೇಲೆ ಒಂದು ತಿಂಗಳೂ ಉಳಿಯಲಿಲ್ಲ. ಅವರ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಡಿಸ್ಚಾರ್ಜ್ ದಿನದ ಮಧ್ಯಾಹ್ನ. ಅಷ್ಟರಲ್ಲಿ ನಾನೊಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೆ. ಬಿಲ್ಲಿನ ಕೆಲಸಕ್ಕೆ ಅವರ ತಮ್ಮ ಆಸ್ಪತ್ರೆಯಲ್ಲೇ ಉಳಿದರು, ನಾನು ಮೇಡಂ ಅವರನ್ನು ಕರೆದುಕೊಂಡು ಹೊರಟೆ. ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ಮೈಸೂರು ರಸ್ತೆಗೆ ಬರುವಷ್ಟರಲ್ಲಿ, "ಎಡಕ್ಕೆ ಲಾರಿ ಇದೆ, ನೋಡ್ಕೊಳಿ" ಎಂದರು. ಆಮೇಲೆ ಮಾತು ನಿಂತಿತು. ತಿರುಗಿ ನೋಡಿದರೆ ತಲೆ ಕಿಟಕಿಗೆ ಒರಗಿಸಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದರು. ಯಾರು ಓಡಿಸುತ್ತಿದ್ದರೂ ಮೇಡಂ ರಸ್ತೆಯಿಂದ ಕಣ್ಣು ತೆಗೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ರಾಜಾಜಿನಗರ ಬಂತು. ಅವರ ಬೀದಿಯ ತಿರುವೂ ಬಂತು. ನಾನು ತಿರುಗಿಸಲಿಲ್ಲ. ಬ್ರೇಕು ಹೆಚ್ಚು ಒತ್ತದೆ, ನಿಧಾನವಾಗಿ, ನೇರ ಬಸವೇಶ್ವರನಗರದ ಕಡೆಗೆ ಹೊರಟೆ. ಅಲ್ಲಿ ಒಂದು ಸುತ್ತು ಹಾಕಿ, ಮತ್ತೊಂದು ಸುತ್ತು ಹಾಕಿ, ಅವರಿಗೆ ತಾನಾಗಿ ಎಚ್ಚರವಾಗುವವರೆಗೆ ಓಡಿಸುತ್ತಲೇ ಇದ್ದೆ.