ಮಾಬುಸಾಬನ ಚೌಕ ಬಾಣಲಿ

ಅಣ್ಣಿಗೇರಿಯ ಮಾಬುಸಾಬನಿಗೆ ಅರವತ್ತೆಂಟು ದಾಟಿತ್ತು. ಹೆಚ್ಚುಕಡಿಮೆ ಐವತ್ತು ವರ್ಷ ಆತ ಮಾಡಿದ್ದು ಒಂದೇ ಕೆಲಸ, ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಗೆ ಕಲಾಯಿ ಹಚ್ಚುವುದು. ಸೈಕಲ್ಲಿನ ಹಿಂದೆ ಗಾಳಿ ಊದುವ ತಿದಿ, ಇಕ್ಕಳ, ಇದ್ದಲಿಯ ಚೀಲ ಕಟ್ಟಿಕೊಂಡು ಹೊರಟರೆ ನವಲಗುಂದದ ಕಡೆ, ಗುಡಗೇರಿಯ ಕಡೆ ಹಳ್ಳಿ ಹಳ್ಳಿ ತಿರುಗಿ ಎರಡು ಮೂರು ದಿನ ಬಿಟ್ಟು ಮನೆ ಸೇರುತ್ತಿದ್ದ. ಬೇವಿನ ಮರದ ಬುಡದಲ್ಲಿ ಕುಣಿ ತೋಡಿ ಒಲೆ ಹೂಡಿದರೆ ಊರಿನ ಹೆಣ್ಣುಮಕ್ಕಳು ಪಾತ್ರೆ ಹೊತ್ತು ಬಂದು ಸುತ್ತ ಕೂಡುತ್ತಿದ್ದರು.

ಆ ಕೆಲಸದಲ್ಲಿ ಒಂದು ಗಳಿಗೆ ಇತ್ತು. ಪಾತ್ರೆ ಕಾಯ್ದು, ನವಸಾಗರದ ಪುಡಿ ಬಿದ್ದು, ಬಿಳಿ ಹೊಗೆ ಎದ್ದು, ಕಣ್ಣು ಮೂಗು ಉರಿಯುವಾಗ, ತವರದ ಕಡ್ಡಿ ತಾಕಿಸಿ ಅರಳೆಯಿಂದ ಒಂದು ಸುತ್ತು ಒರೆಸಿದರೆ ಸಾಕು, ಕೆಂಪು ತಾಮ್ರದ ಮೇಲೆ ಬೆಳ್ಳಗಿನ ಹೊಳಪು ನೀರಿನಂತೆ ಹರಿದುಬಿಡುತ್ತಿತ್ತು. ಸಾವಿರ ಸಲ ನೋಡಿದರೂ ಆ ಗಳಿಗೆಯಲ್ಲಿ ಮಾಬುಸಾಬ ಉಸಿರು ಹಿಡಿಯುತ್ತಿದ್ದ. ಊರವರು ತನ್ನನ್ನು ಕಲಾಯಿಯವ ಅನ್ನುತ್ತಾರೆ, ಆದರೆ ತಾನು ಆ ಹೊಳಪು ನೋಡಲಿಕ್ಕೇ ಹುಟ್ಟಿದವ ಅಂತ ಅವನ ಮನಸ್ಸಿನಲ್ಲಿತ್ತು. ಇದನ್ನು ಆತ ಯಾರ ಮುಂದೂ ಹೇಳಿದವನಲ್ಲ.

ಆಮೇಲೆ ಮನೆಮನೆಗೂ ಸ್ಟೀಲು ಬಂತು. ಹೋದಲ್ಲೆಲ್ಲ "ಈಗ ಯಾರ್ ವಾಪರಿಸ್ತಾರ ಸಾಬ್ರ ತಾಮ್ರ" ಅನ್ನುವುದು ಕೇಳಿ ಕೇಳಿ ಒಂದು ದಿನ ಸೈಕಲ್ಲನ್ನು ಗೋಡೆಗೆ ಆನಿಸಿಟ್ಟ. ತಿದಿಯನ್ನು ಅಟ್ಟದ ಮೇಲೆ ಹಾಕಿದ. ಅದಾಗಿ ಎರಡು ವರ್ಷ. ಈಗ ಮುಂಜಾನೆ ಚಹಾ ಕುಡಿದು ಕಟ್ಟೆಯ ಮೇಲೆ ಕೂತರೆ ಬಿಸಿಲು ತಿರುಗುವವರೆಗೆ ಅಲ್ಲೇ. ಹೆಂಡತಿ ಹಸೀನಾಬಿ ಕೋಳಿ ಸಾಕಿದ್ದಳು, ತತ್ತಿ ಮಾರುತ್ತಿದ್ದಳು, ಮನೆ ನಡೆಯುತ್ತಿತ್ತು.

ಅವರ ಬಾಜು ಖೋಲಿಗೆ ಆ ವರ್ಷ ಬಾಡಿಗೆಗೆ ಬಂದವಳು ನಾಗರತ್ನಾ. ಕುಂದಗೋಳ ಕಡೆಯ ಕುರಿಗಾರರ ಮಗಳು, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸು. ಇಪ್ಪತ್ತಾರರ ಹುಡುಗಿಗೆ ಸೂಜಿ ಚುಚ್ಚಲು ಬರುತ್ತಿತ್ತು, ಹೆರಿಗೆ ಮಾಡಿಸಲು ಬರುತ್ತಿತ್ತು, ಅಡುಗೆ ಮಾತ್ರ ಬರುತ್ತಿರಲಿಲ್ಲ. ಮನೆಯಲ್ಲಿ ನಾಲ್ವರು ಅತ್ತಿಗೆಯರು, ಒಲೆಯ ಹತ್ತಿರ ಇವಳಿಗೆ ಜಾಗ ಸಿಕ್ಕಿದ್ದೇ ಇಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಅವಳು ತಟ್ಟಿದ ರೊಟ್ಟಿಯನ್ನು ಹಸೀನಾಬಿಯ ಕೋಳಿಗಳೂ ಮೂಸಿ ನೋಡಿ ಆಚೆ ಹೋಗಿದ್ದವು.

ಹಾಗಿದ್ದವಳ ಖೋಲಿಯಿಂದ ಒಂದು ತಿಂಗಳಾದ ಮೇಲೆ ಬೇರೆಯೇ ಒಂದು ವಾಸನೆ ಬರತೊಡಗಿತು. ಒಗ್ಗರಣೆಯದಲ್ಲ, ಮಸಾಲೆಯದಲ್ಲ. ಹುರಿದ ಎಳ್ಳು, ಬಿಸಿ ಅನ್ನ, ಎಂಥದೋ ಉಪ್ಪುಪ್ಪು ಘಮ.

"ಏನ್ ಮಾಡಾಕತ್ತೀಯವ್ವಾ?" ಹಸೀನಾಬಿ ಗೋಡೆಯಾಚೆಯಿಂದ ಕೇಳಿದಳು.

"ಜಪಾನದ ಅಡಿಗೀರಿ ಚಾಚಿ!"

"ಅದೆಲ್ಲಿಂದ ಬಂತಬೇ?"

ನಾಗರತ್ನಾ ಮೊಬೈಲು ಹಿಡಿದು ಬಂದಳು. ಅದರೊಳಗೆ ಜಪಾನದ ಒಬ್ಬ ಮುದುಕಿ ತನ್ನ ಮನೆಯಲ್ಲಿ ಅಡುಗೆ ಮಾಡುವ ವಿಡಿಯೋಗಳಿದ್ದವು. ಹೊಸದಾಗಿ ಕಲಿಯುವವರಿಗೆಂದೇ ಮಾಡಿದ್ದು. ಮುದುಕಿ ಒಂದು ಮಾತೂ ಆಡುವುದಿಲ್ಲ. ಕೈ ಕಾಣುತ್ತದೆ, ಒಲೆ ಕಾಣುತ್ತದೆ, ಹಿಂದೆ ಒಂದು ಕಿಟಕಿ, ಕಿಟಕಿಯ ಆಚೆ ಹಿಮ.

"ಇದು ಸಸಾರ ಐತ್ರಿ ಚಾಚಿ. ರುಬ್ಬೂದಿಲ್ಲ, ಲಟ್ಟಸೂದಿಲ್ಲ. ಸೌತಿಕಾಯಿ ತೆಳ್ಳಗ ಹೆಚ್ಚಿ ಉಪ್ಪು ಹಚ್ಚಿ ಹಿಂಡಬೇಕು, ವಿನೆಗರ್, ಚೂರು ಸಕ್ರಿ, ಮ್ಯಾಲೆ ಎಳ್ಳು. ಆತು. ಅಂಗೈಗೆ ನೀರು, ಉಪ್ಪು ಹಚ್ಚಿಕೊಂಡು ಬಿಸಿ ಅನ್ನ ಉಂಡಿ ಕಟ್ಟಬೇಕು. ಅದೂ ಆತು. ಹುಬ್ಬಳ್ಳಿಯಿಂದ ಒಂದು ಸೋಯಾ ಸಾಸಿನ ಬಾಟ್ಲಿ ತಂದೇನಿ, ಅಷ್ಟ ಖರ್ಚು."

ಮಾಬುಸಾಬ ಕಟ್ಟೆಯ ಮೇಲಿಂದ ಇಣುಕಿದ. ಆಗ ಹತ್ತಿ ಬಿಡಿಸುವ ದಿನಗಳು. ಜಿನ್ನಿಂಗ್ ಮಿಲ್ಲಿನಿಂದ ಹಾರಿ ಬಂದ ಹತ್ತಿಯ ಎಳೆಗಳು ಓಣಿಯ ಬಿಸಿಲಿನಲ್ಲಿ ಅವಸರವಿಲ್ಲದೆ ತೇಲುತ್ತಿದ್ದವು. ಮೊಬೈಲಿನ ಕಿಟಕಿಯಲ್ಲಿ ಬೀಳುತ್ತಿದ್ದ ಹಿಮವನ್ನೂ ಈ ಎಳೆಗಳನ್ನೂ ಆತ ಒಂದೊಂದು ಸಲ ನೋಡಿದ. ಎಲ್ಲಿಂದ ಎಲ್ಲಿಗೆ ಬಂದು ಬೀಳುತ್ತಿವೆ ಅನ್ನುವುದು ಅರೆಕ್ಷಣ ಅವನಿಗೆ ತಿಳಿಯದಂತಾಯಿತು.

ಮುದುಕಿ ಮೂರು ತತ್ತಿ ಒಡೆದು, ಚೂರು ಸಕ್ಕರೆ, ನಾಲ್ಕು ಹನಿ ಸೋಯಾ ಸಾಸು ಹಾಕಿ ಕಡ್ಡಿಗಳಿಂದ ಕಲೆಸಿದಳು. ಒಂದು ಚೌಕದ ಬಾಣಲಿಗೆ ತೆಳ್ಳಗೆ ಹುಯ್ದಳು. ಅದು ಅರೆಬೆಂದದ್ದೇ ಚಾಪೆಯಂತೆ ಸುತ್ತಿ ಒಂದು ತುದಿಗೆ ಸರಿಸಿದಳು. ಮತ್ತೆ ಹುಯ್ದಳು, ಮತ್ತೆ ಸುತ್ತಿದಳು.

"ಇದೊಂದು ನನಗ ಬರವಲ್ತು," ನಾಗರತ್ನಾ ಅಂದಳು. "ನನ್ನ ಹಂಚು ದುಂಡಗ ಐತಿ. ಸುತ್ತಿದ್ದು ಒಂದು ಕಡೆ ದಪ್ಪ, ಒಂದು ಕಡೆ ಬಾಲ ಆಗತೈತಿ. ಚಾಚಾ, ಇಂಥಾ ಚೌಕ ಬಾಣಲಿ ಎಲ್ಲೆರ ಸಿಗತಾವೇನ್ರಿ?"

ಮಾಬುಸಾಬ ಮೊಬೈಲಿನ ಹತ್ತಿರ ಬಗ್ಗಿದ. ಅವನ ಕಣ್ಣು ತತ್ತಿಯ ಮೇಲೆ ಇರಲೇ ಇಲ್ಲ.

"ಹಿಂದಕ ಮಾಡು," ಅಂದ. "ಇನ್ನ ಹಿಂದಕ. ಹಾಂ, ನಿಲ್ಲಸು."

ಬಾಣಲಿಯ ಹೊರಮೈ ಕೆಂಪಗಿತ್ತು, ಒಳಗೆ ಬೆಳ್ಳಗಿತ್ತು. ಒಂದು ಮೂಲೆಯಲ್ಲಿ ಬಿಳುಪು ಸವೆದು ಉಗುರಿನಷ್ಟು ಕೆಂಪು ಇಣುಕುತ್ತಿತ್ತು.

"ಕಲಾಯಿ," ಅಂದ ಮಾಬುಸಾಬ. "ತಾಮ್ರದ ಬಾಣಲಿ ಯವ್ವಾ ಇದು. ಒಳಗ ಕಲಾಯಿ ಐತಿ. ಈ ಮೂಲ್ಯಾಗ ಸವದೈತಿ ನೋಡು. ಈಕಿ ಲಗೂನ ಮತ್ತ ಹಚ್ಚಿಸಬೇಕು."

ನಾಗರತ್ನಾ ಆ ಮುದುಕಿ ಆಮೇಲೆ ಹಾಕಿದ ವಿಡಿಯೋಗಳನ್ನು ತೆಗೆದು ತೋರಿಸಿದಳು. ಮೂರನೆಯದರಲ್ಲಿ ಅದೇ ಬಾಣಲಿ, ಅದೇ ಹಿಡಿಕೆ, ಹಿಡಿಕೆಯ ಮೇಲಿನ ಅದೇ ಸುಟ್ಟ ಗುರುತು. ಒಳಗೆ ಮಾತ್ರ ಮೂಲೆಯಿಂದ ಮೂಲೆಗೆ ಹೊಸ ಬಿಳುಪು.

"ಹಚ್ಚ್ಯಾರ," ಅಂದ ಮಾಬುಸಾಬ. "ಯಾರೋ ಹಚ್ಚ್ಯಾರ."

ಅವತ್ತಿನಿಂದ ಕಟ್ಟೆಯ ಮೇಲೆ ಕೂತ ಮಾಬುಸಾಬ ಬೇರೆಯವನೇ ಆದ. ಹಿಮ ಬೀಳುವ ಊರಿನಲ್ಲಿ ಒಬ್ಬ ಕಲಾಯಿಯವ ಇದ್ದಾನೆ. ಅವನೂ ಸೈಕಲ್ಲಿನ ಮೇಲೆ ಬರುತ್ತಾನೋ? ಓಣಿಯ ಬಾಯಿಗೆ ನಿಂತು ಕೂಗುತ್ತಾನೋ? ಅಷ್ಟು ಥಂಡಿಯಲ್ಲಿ ಇದ್ದಲಿ ಹೊತ್ತುವುದು ತಡವಾಗುತ್ತದೆ, ಪಾಪ. ಅವನ ಕೆಮ್ಮೂ ತನ್ನ ಕೆಮ್ಮಿನ ಹಾಗೆಯೇ ಇರಬೇಕು, ನವಸಾಗರದ ಹೊಗೆ ಯಾರನ್ನು ಬಿಡುತ್ತದೆ? ಮಧ್ಯಾಹ್ನದ ಜೊಂಪಿನಲ್ಲಿ ಮಾಬುಸಾಬ ಆ ಓಣಿಗೆ ಹೋಗಿ ಬರುತ್ತಿದ್ದ. ಅಲ್ಲಿ ಹತ್ತಿಯ ಎಳೆಗಳು ಬಿದ್ದು ನೆಲವೆಲ್ಲ ಬೆಳ್ಳಗಾಗಿರುತ್ತಿತ್ತು. ಒಬ್ಬ ಮನುಷ್ಯ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬೆನ್ನು ತಿರುಗಿಸಿರುತ್ತಿದ್ದ. ಹತ್ತಿರ ಹೋಗುವಷ್ಟರಲ್ಲಿ ಹಸೀನಾಬಿಯ ಕೋಳಿ ಕೂಗಿ ಎಚ್ಚರಾಗುತ್ತಿತ್ತು.

ವಾರ ಕಳೆದ ಮೇಲೆ ಆತ ಹೆಂಡತಿಗೆ ಅಂದ, "ಹಸೀನಾ, ಆ ಹುಡಿಗೀಗೆ ಒಂದು ಚೌಕ ಬಾಣಲಿ ಮಾಡಿ ಕೊಡ್ತೇನಿ."

"ತಾಮ್ರ ಎಲ್ಲಿಂದ ತರ್ತೀರಿ?"

ಮಾಬುಸಾಬ ಹಿತ್ತಲಿನ ಕಡೆ ನೋಡಿದ. ಅಲ್ಲಿ ಒಂದು ದೊಡ್ಡ ತಾಮ್ರದ ಹಂಡೆ ಅಡ್ಡ ಬಿದ್ದಿತ್ತು. ಹಸೀನಾಬಿಯ ಮದುವೆಯಲ್ಲಿ ಅವಳ ಅಪ್ಪ ಚಕ್ಕಡಿಯಲ್ಲಿ ಹೇರಿ ಕಳಿಸಿದ್ದು. ತಳ ಸೋರತೊಡಗಿ ಎಷ್ಟೋ ವರ್ಷ. ಈಗ ಅದರೊಳಗೆ ಹುಲ್ಲು ಹಾಸಿತ್ತು, ಕೋಳಿಗಳು ಅಲ್ಲೇ ತತ್ತಿ ಇಡುತ್ತಿದ್ದವು.

"ಅದರ ಸುದ್ದಿ ತಗೀಬ್ಯಾಡ್ರಿ," ಹಸೀನಾಬಿ ಎದ್ದು ಒಳಗೆ ಹೋದಳು.

ಮಾಬುಸಾಬ ಮತ್ತೆ ಆ ಮಾತು ಎತ್ತಲಿಲ್ಲ. ಹಂಡೆ ಬೇಡುವುದು ಅವಳ ಅಪ್ಪನನ್ನೇ ಬೇಡಿದ ಹಾಗೆ ಅಂತ ಅವನಿಗೆ ಗೊತ್ತಿತ್ತು.

ಒಂದು ರವಿವಾರ ನಾಗರತ್ನಾ ಹಸೀನಾಬಿಯನ್ನು ತನ್ನ ಖೋಲಿಗೆ ಕರೆದು ಕೂರಿಸಿಕೊಂಡು ವಿಡಿಯೋ ಹಚ್ಚಿದಳು. ಮುದುಕಿ ಅನ್ನದ ಉಂಡೆ ಕಟ್ಟುತ್ತಿದ್ದಳು. ಹಸೀನಾಬಿ ಆ ಕೈಗಳನ್ನೇ ನೋಡಿದಳು. ಮನೆಗೆ ಬಂದು ಗಂಡನ ಮುಂದೆ ತನ್ನ ಎರಡೂ ಕೈ ಚಾಚಿದಳು. ನೀರು, ಬೂದಿ, ರೊಟ್ಟಿಯ ಹಂಚು ಕಂಡು ಕಂಡು ಗೆಣ್ಣು ದಪ್ಪಗಾದ ಬೆರಳುಗಳು.

"ಆಕಿ ಬಳ್ಳೂ ಹಿಂಗ ಸೊಟ್ಟ ಅದಾವ್ರಿ," ಅಂದಳು. "ಅಗದಿ ಹಿಂಗ."

ಹಿತ್ತಲಿನ ಕಡೆ ತಿರುಗಿ, "ಹಂಡೆ ಕೊಯ್ರಿ. ಕೋಳಿಗೆ ಬ್ಯಾರೆ ಬುಟ್ಟಿ ಇಡ್ತೇನಿ."

ಮಾಬುಸಾಬ ಪಾತ್ರೆ ಮಾಡುವವನಲ್ಲ, ಹೊಳಪು ಕೊಡುವವ. ಆದರೂ ತೂತಿಗೆ ತೇಪೆ ಹಾಕಿ ಹಾಕಿ ತಾಮ್ರದ ಸ್ವಭಾವ ಬಲ್ಲವನಾಗಿದ್ದ. ಹಂಡೆಯ ಪಕ್ಕೆಯಿಂದ ಒಂದು ತುಂಡು ಕೊಯ್ದ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿದ. ಕಟ್ಟಿಗೆಯ ಕೊಡತಿಯಿಂದ ಬಡಿದು ಬಡಿದು ಸಪಾಟ ಮಾಡಿದ. ನಾಲ್ಕೂ ಅಂಚು ಮೇಲೆ ಮಡಚಿ ಮೂಲೆಗಳಿಗೆ ರಿವೀಟು ಹೊಡೆದ. ಬಡಿಗೇರನ ಹತ್ತಿರ ಜಾಲಿಯ ಹಿಡಿಕೆ ಕೆತ್ತಿಸಿಕೊಂಡು ಬಂದ. ಇಷ್ಟಕ್ಕೆ ನಾಲ್ಕು ದಿನ ಹಿಡಿಯಿತು.

ಐದನೆಯ ದಿನ ಮುಂಜಾನೆ ತಿದಿ ಇಳಿಸಿದ. ಚರ್ಮ ಒಣಗಿ ಬಿರುಸಾಗಿತ್ತು, ಎಣ್ಣೆ ತಿಕ್ಕಿ ಮಲಗಿಸಿ ಎಬ್ಬಿಸಿ ಮಾತಾಡಿಸಿ ಅದಕ್ಕೆ ಉಸಿರು ಬರಿಸಿದ. ಇದ್ದಲಿ ಕೆಂಪಾಯಿತು. ನವಸಾಗರದ ಹೊಗೆ ಓಣಿಗೆಲ್ಲ ಹಬ್ಬಿದಾಗ ಮೂರು ಮನೆ ಆಚೆಯಿಂದ ಯಾರೋ "ಏ, ಕಲಾಯಿ ವಾಸನಿ ಬರಾಕತ್ತೈತಿ!" ಅಂದದ್ದು ಕೇಳಿಸಿತು. ಮಾಬುಸಾಬ ತವರ ತಾಕಿಸಿ ಅರಳೆಯ ಉಂಡೆಯಿಂದ ಒರೆಸಿದ. ಬಿಳುಪು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹರಿಯಿತು. ಬೆಳಗಿನ ಆಕಾಶ ಅಲ್ಲಾಡುತ್ತ ಬಾಣಲಿಯೊಳಗೆ ಬಂದು ನಿಂತಿತು. ಆತ ಉಸಿರು ಬಿಟ್ಟ.

ಆದರೆ ಅದೇ ದಿನ ಸಂಜೆ ನಾಗರತ್ನಾ ಅಳುಮುಖ ಮಾಡಿಕೊಂಡು, ಅವನು ಕೊಟ್ಟಿದ್ದ ಬಾಣಲಿ ಹಿಡಿದು ಬಂದಳು. ಕಾಯಲಿ ಅಂತ ಗ್ಯಾಸಿನ ದೊಡ್ಡ ಉರಿಯ ಮೇಲೆ ಬರಿದೇ ಇಟ್ಟು ತತ್ತಿ ಕಲೆಸುತ್ತ ನಿಂತಿದ್ದಳಂತೆ. ತವರ ಕರಗಿ ಮೂಲೆಯಲ್ಲಿ ಒಂದು ಹನಿಯಾಗಿ ಕೂತಿತ್ತು, ನಡುವೆ ತಾಮ್ರ ಕಾಣುತ್ತಿತ್ತು.

"ನಾಲ್ಕು ದಿನದ ಕೆಲಸ ನಾಲ್ಕು ನಿಮಿಷದಾಗ ಕೆಡಸಿಬಿಟ್ಟೆ ಚಾಚಾ."

"ಕೆಟ್ಟಿಲ್ಲ ಯವ್ವಾ. ಕಲಾಯಿ ಮತ್ತ ಹಚ್ಚಾಕ ಬರತೈತಿ, ಅದಕ್ಕನ ಇದಕ್ಕ ಕಲಾಯಿ ಅಂತಾರ," ಮಾಬುಸಾಬ ಬಾಣಲಿ ಇಸಿದುಕೊಂಡ. "ಬರೀ ಬಾಣಲಿ ಒಲಿ ಮ್ಯಾಲೆ ಇಡಬಾರದು. ಮೊದಲ ಎಣ್ಣಿ ಸವರಬೇಕು, ಉರಿ ಸಣ್ಣಗಿರಬೇಕು. ಎಷ್ಟು ಸಣ್ಣಗ ಅನ್ನೂದು ನನಗೂ ಗೊತ್ತಿಲ್ಲ. ನಾನ ಒಂದ್ಸಲ ತತ್ತಿ ಹುಯ್ದು ನೋಡಿ ಕೊಡ್ತೇನಿ."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಹತ್ತೂರಿನ ಪಾತ್ರೆಗಳ ಒಳಗನ್ನು ಬೆಳ್ಳಗೆ ಮಾಡಿದವ ಒಂದರಲ್ಲೂ ಏನನ್ನೂ ಬೇಯಿಸಿದವನಲ್ಲ. ಚಹಾ ಕೂಡ ಹಸೀನಾಬಿಯೇ ಮಾಡಬೇಕು.

ಮರುದಿನ ಮತ್ತೆ ಕಲಾಯಿ ಹಚ್ಚಿ ಅಡುಗೆಮನೆಯಲ್ಲಿ ನಿಂತ. ಹಸೀನಾಬಿ ಬಾಗಿಲಿಗೆ ಒರಗಿ ನಗು ತಡೆಯಲು ಬಾಯಿಗೆ ಸೆರಗು ಹಿಡಿದಿದ್ದಳು. ಮೊದಲ ತತ್ತಿಯೊಳಗೆ ಸಿಪ್ಪೆ ಬಿತ್ತು. ಮೊದಲ ಸುತ್ತು ಹರಿಯಿತು. ಎರಡನೆಯದು ಕೆಳಗೆ ಕಂದಿತು. ಹರಿದದ್ದನ್ನೂ ಕಂದಿದ್ದನ್ನೂ ಹಸೀನಾಬಿ ರೊಟ್ಟಿಯಲ್ಲಿ ಸುತ್ತಿ ತಿಂದಳು. "ತತ್ತಿಗೆ ಸಕ್ರಿ ಯಾರು ಹಾಕ್ತಾರ್ರಿ?" ಅಂದಳು, ಆದರೆ ಇನ್ನೊಂದು ತುಂಡು ಮುರಿದುಕೊಂಡಳು.

ಮೂರನೆಯ ದಿನ ಮಾಬುಸಾಬನಿಗೆ ಗುಟ್ಟು ಸಿಕ್ಕಿತು. ಎಣ್ಣೆ ಸವರಿದ ಬಾಣಲಿಗೆ ಕಡ್ಡಿಯ ತುದಿಯಿಂದ ಒಂದು ಹನಿ ತತ್ತಿ ತಾಕಿಸಿದರೆ ಚುಂಯ್ ಅನ್ನಬೇಕು, ಮೆಲ್ಲಗೆ, ಸಿಟ್ಟಿಲ್ಲದೆ. ಆಗ ಹುಯ್ಯಬೇಕು. ಮೇಲ್ಮೈ ಇನ್ನೂ ಒದ್ದೆ ಇರುವಾಗಲೇ ಸುತ್ತಲು ಹಿಡಿಯಬೇಕು, ತಡಮಾಡಿದರೆ ಅಂಟುವುದಿಲ್ಲ. ಸುತ್ತುವಾಗ ಮಣಿಕಟ್ಟು ತಿರುಗುವ ರೀತಿ ಅವನಿಗೆ ಹೊಸದಲ್ಲ. ಅರಳೆ ಹಿಡಿದು ತವರ ಒರೆಸುವಾಗ ಇಷ್ಟು ವರ್ಷ ಹೀಗೆಯೇ ತಿರುಗಿತ್ತು. ಕೈಗೆ ಗೊತ್ತಿದ್ದದ್ದು ತಲೆಗೆ ಗೊತ್ತಿರಲಿಲ್ಲ, ಅಷ್ಟೇ. ಹಳದಿ ಪದರ ಬಿಳುಪಿನ ಮೇಲೆ ಹರಿಯಿತು, ಸುತ್ತಿಕೊಂಡಿತು, ಮತ್ತೊಂದು ಪದರ ಅದರ ಅಡಿಗೆ ನುಸುಳಿ ಕೂಡಿಕೊಂಡಿತು. ತಟ್ಟೆಗೆ ಹಾಕಿದಾಗ ಅದು ಒಂದು ಸಣ್ಣ ಇಟ್ಟಿಗೆಯಂತೆ ಚೌಕವಾಗಿ, ಹಬೆಯಾಡುತ್ತ ಕೂತಿತು. ಕೊಯ್ದರೆ ಒಳಗೆ ಸುರುಳಿ ಸುರುಳಿ.

ಹಸೀನಾಬಿ ಈ ಸಲ ನಗಲಿಲ್ಲ. ಎತ್ತಿಕೊಂಡು ತಿಂದಳು. "ಮೆತ್ತಗೈತಿ," ಅಂದಳು. ಕಣ್ಣು ಬೇರೆ ಕಡೆ ತಿರುಗಿಸಿ, "ಮದವಿ ಆಗಿ ನಲವತ್ತೈದು ವರ್ಷಕ್ಕ ನೀವು ಮಾಡಿ ಹಾಕಿದ್ದು ಉಂಡೆ ನೋಡ್ರಿ."

ಮುಂದಿನ ರವಿವಾರ ಮೂವರೂ ಕಟ್ಟೆಯ ಮೇಲೆ ಕೂಡಿ ಉಂಡರು. ನಾಗರತ್ನಾ ಮಾಬುಸಾಬನ ಹತ್ತಿರ ಸುತ್ತುವುದನ್ನು ಕಲಿತು ಒಂದು ಸರಿಯಾಗಿ ತೆಗೆದಳು, ಒಂದು ಸೊಟ್ಟ. ಅನ್ನದ ಉಂಡೆಗಳ ಒಳಗೆ ಹಸೀನಾಬಿಯ ಶೇಂಗಾ ಚಟ್ನಿ ತುಂಬಿದ್ದಳು. ಜಪಾನದ ಮುದುಕಿ ಏನೋ ಉಪ್ಪಿನ ಹಣ್ಣು ತುಂಬುತ್ತಾಳಂತೆ, ಅದು ಇಲ್ಲಿ ಎಲ್ಲಿ ಸಿಗಬೇಕು? ಸೌತೆಕಾಯಿ ತಣ್ಣಗಿತ್ತು, ಎಳ್ಳು ಹಲ್ಲಿಗೆ ಸಿಕ್ಕಿ ಘಮ್ಮೆನ್ನುತ್ತಿತ್ತು. ಓಣಿಯಲ್ಲಿ ಹೋಗುವವರು ನಿಂತು, "ಏನ್ರಿ ಇದು?" ಅಂತ ಕೇಳಿ, ಒಂದೊಂದು ತುಂಡು ಇಸಿದುಕೊಂಡು ಹೋದರು. ಅವರಲ್ಲಿ ಒಬ್ಬಳು ಸ್ವಲ್ಪ ಹೊತ್ತಿಗೆ ಎರಡು ಹಳೆಯ ತಾಮ್ರದ ಚೆರಿಗೆ ತಂದು ಮಾಬುಸಾಬನ ಕಾಲ ಹತ್ತಿರ ಇಟ್ಟಳು. "ಅಟ್ಟದ ಮ್ಯಾಲ ಬಿದ್ದಿದ್ದೂರಿ. ತಿದಿ ಇಳಿಸೀರಿ ಅಂದ್ರ ಇವಕ್ಕೂ ಹಚ್ಚಿ ಕೊಡ್ರಿ" ಅಂದಳು. ಮಾಬುಸಾಬ ಒಂದನ್ನು ಎತ್ತಿ ಬೆರಳಿನಿಂದ ಬಡಿದು ದನಿ ಕೇಳಿ, ಇಟ್ಟ.

ಹಂಡೆಯ ಉಳಿದ ತಾಮ್ರದಲ್ಲಿ ತಮ್ಮ ಮನೆಗೆಂದು ಇನ್ನೊಂದು ಬಾಣಲಿ ಮಾಡಿದ. ಅದು ಮುಗಿದ ಮರುದಿನ ಮುಂಜಾನೆ ಆತ ಒಲೆಯ ಮುಂದೆ ನಿಂತಾಗ ಹಸೀನಾಬಿ ಬಂದು ಮೊಣಕೈಯಿಂದ ಸರಿಸಿದಳು.

"ಇವತ್ತ ನಾ ಸುತ್ತತೇನಿ, ಸರೀರಿ."

ಹಸಿಮೆಣಸಿನಕಾಯಿ, ಕೊತ್ತಂಬರಿ ಸಣ್ಣಗೆ ಹೆಚ್ಚಿ ತತ್ತಿಗೆ ಹಾಕಿದಳು. ಸಕ್ಕರೆ ಹಾಕಲಿಲ್ಲ.

"ಉರಿ ಸಣ್ಣ ಮಾಡು," ಮಾಬುಸಾಬ ಹಿಂದಿನಿಂದ ಅಂದ.

"ನನಗ ಒಲಿ ಹೇಳಿಕೊಡ್ತೀರಿ?" ಅಂದಳು ಆಕೆ. ಆದರೆ ಉರಿ ಸಣ್ಣ ಮಾಡಿದಳು.