ಆಕಾಶದ ಹಡಗು ಹಸನು ಮಾಡಿದ ನಮ್ಮ ಅತ್ತೆ

ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಅತ್ತೆ ಶೇವಂತೆವ್ವನನ್ನು ಕಂಡರೆ ನನಗೆ ಬಹಳ ಹೆದರಿಕೆ. ಬೈಯುತ್ತಿದ್ದರು ಅಂತಲ್ಲ, ನೋಡುತ್ತಿದ್ದರು. ನಾನು ತಿಕ್ಕಿಟ್ಟ ಭಾಂಡೆಗೆ ಅಂಟಿಕೊಂಡ ಒಂದಗುಳು, ಗುಡಿಸಿದ ಮೂಲೆಯಲ್ಲಿ ಉಳಿದ ಒಂದೆಳೆ ಕೂದಲು ಅವರಿಗೆ ಬಾಗಿಲಲ್ಲಿ ನಿಂತೇ ಕಾಣುತ್ತಿತ್ತು. ಬಾಯಿ ತೆರೆಯದೆ ಬಂದು, ಎರಡು ಬೆರಳಲ್ಲಿ ಎತ್ತಿ ಹೊರಗೆ ಒಗೆದು ಹೋಗುತ್ತಿದ್ದರು. ಬೈದಿದ್ದರೆ ನಾನೂ ತಿರುಗಿ ಒಂದು ಮಾತಾಡಿ ಹಗುರಾಗುತ್ತಿದ್ದೆ.

ಆ ಕಣ್ಣೇ ಅವರ ದುಡಿಮೆ. ನಮ್ಮ ಇಂಡಿಯಲ್ಲಿ ರಾವಸಾಬರ ಬೇಳೆ ಅಂಗಡಿಯ ಹಿಂದೆ ಒಂದು ಗೋದಾಮು. ಅಲ್ಲಿ ತಾಡಪತ್ರಿ ಹಾಸಿಕೊಂಡು ಆರು ಮಂದಿ ಹೆಂಗಸರು ಸಾಲಾಗಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಮೊದಲನೆಯವಳು ಹೊಟ್ಟು ಕೇರಿ ಪಕ್ಕದವಳಿಗೆ ದಾಟಿಸುತ್ತಾಳೆ, ಅವಳು ಒಡೆಯದ ಕಾಳು ಆರಿಸಿ ಮುಂದಕ್ಕೆ. ಹೀಗೆ ಐದು ಕೈ ದಾಟಿ ಬೇಳೆ ಆರನೆಯವಳ ಮೊರಕ್ಕೆ ಬೀಳುತ್ತದೆ. ಆ ಜಾಗಕ್ಕೆ ‘ಕಡೀ ಮೊರ’ ಅನ್ನುತ್ತಾರೆ. ಅವಳು ನೋಡಿ ಸುರಿದ ಮೇಲೆ ಚೀಲದ ಬಾಯಿ ಹೊಲಿಯುವುದೇ, ಮತ್ತೆ ಯಾರೂ ನೋಡುವುದಿಲ್ಲ. ಆಮೇಲೆ ಎಲ್ಲಾದರೂ ಹರಳು ಸಿಕ್ಕಿ ಯಾರದಾದರೂ ಹಲ್ಲು ಕಟಕ್ ಅಂದರೆ ಮಾತು ಬರುವುದು ಅವಳೊಬ್ಬಳಿಗೇ.

ನಮ್ಮತ್ತೆ ಇಪ್ಪತ್ತೆರಡು ವರ್ಷ ಕಡೀ ಮೊರದಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ, ಐದನೇ ಜಾಗದಲ್ಲಿ, ಬಾಳಮ್ಮ. ಅಷ್ಟೂ ವರ್ಷ ಆಕೆಯ ಒಂದು ಕಣ್ಣು ಬೇಳೆಯ ಮೇಲೆ, ಇನ್ನೊಂದು ನಮ್ಮತ್ತೆಯ ಜಾಗದ ಮೇಲೆ. ಕೂಲಿ ಆರು ಮಂದಿಗೂ ಒಂದೇ. ಆದರೆ ‘ಕಡೀ ಮೊರದ ಶೇವಂತೆವ್ವ’ ಅಂದರೆ ಓಣಿಯಲ್ಲಿ ಅದರ ವಜನೇ ಬೇರೆ. ಬೀಗರನ್ನು ನೋಡಲು ಹೋಗುವವರು ಕೂಡ ಇವರನ್ನು ಜೊತೆಗೆ ಕರೆದೊಯ್ಯುತ್ತಿದ್ದರು.

ಎರಡು ಸಾವಿರದ ಆರನೇ ಇಸವಿಯಲ್ಲಿ ನಾನು ಮುಂದಿನ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಸಾಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದೆ. ನನ್ನ ಗಂಡ ಕಲ್ಮೇಶ ಝಳಕಿ ಮೇಲಿಂದ ಸೊಲ್ಲಾಪುರಕ್ಕೆ ಕ್ರೂಸರ್ ಗಾಡಿ ಹೊಡೆಯುತ್ತಿದ್ದ. ಕನ್ನಡ ಅಕ್ಷರಗಳ ಸಿಡಿ ತಾ ಅಂತ ಹೇಳಿ ಕಳಿಸಿದರೆ, ಆ ಪುಣ್ಯಾತ್ಮ ಚಿತ್ರ ಚೆಂದ ಇದೆಯೆಂದು ಒಂದು ಆಟದ ಸಿಡಿ ತಂದ. ಸಿಟ್ಟಿನಿಂದಲೇ ಹಾಕಿ ನೋಡಿದೆ.

ಆಟ ಹೀಗಿತ್ತು. ನಕ್ಷತ್ರಗಳ ನಡುವೆ ಒಂದು ದೊಡ್ಡ ಹಡಗು ಕೆಟ್ಟು ನಿಂತಿದೆ. ಅದರಲ್ಲಿ ಎಂಟು ಮಂದಿ ಗಾಜಿನ ಪೆಟ್ಟಿಗೆಗಳಲ್ಲಿ ನಿದ್ದೆ ಹೋಗಿದ್ದಾರೆ, ಎಚ್ಚರವಾಗಿರುವುದು ಹಡಗು ನಡೆಸುವ ಹುಡುಗಿ ಒಬ್ಬಳೇ. ಕೋಣೆ ಕೋಣೆಗೂ ಸಾಮಾನು ಚೆಲ್ಲಾಡಿ ಬಿದ್ದಿರುತ್ತದೆ. ಕೆಳಗೆ ಇಂಗ್ಲಿಷಿನಲ್ಲಿ ಹನ್ನೆರಡು ಹೆಸರು ಬರುತ್ತವೆ. ಆ ಹನ್ನೆರಡನ್ನು ಹುಡುಕಿ ಒತ್ತಿ, ಕೊನೆಗೆ ಒಂದು ಒಗಟು ಬಿಡಿಸಿದರೆ ಒಬ್ಬರು ಪೆಟ್ಟಿಗೆಯಿಂದ ಏಳುತ್ತಾರೆ. ಎಂಟು ಕೋಣೆ ಮುಗಿದರೆ ಹಡಗು ಊರಿಗೆ ಹೋಗುತ್ತದೆ.

ಮೊದಲನೇ ಕೋಣೆಯಲ್ಲೇ ನಾನು ಅರ್ಧ ಗಂಟೆ ತಿಣುಕಾಡುತ್ತಿದ್ದೆ. ಕೆಲಸ ಮುಗಿಸಿ ಬಂದ ಅತ್ತೆ ಹಿಂದೆ ನಿಂತು ನೋಡಿದರು.

“ಏನ ಹುಡಕಾಕತ್ತೀ?”

“ಇದರಾಗ ಹನ್ನೆರಡು ಸಾಮಾನ ಅದಾವ್ರಿ ಅತ್ತಿ. ಮೊದಲನೇದ್ದು ಛತ್ರಿ.”

“ಹುಡಕಬ್ಯಾಡ. ಹಸನ ಮಾಡು,” ಅಂದರು. ಬೆರಳು ಪರದೆಯ ಮೇಲಿನ ಎಡಮೂಲೆಗೆ ಹೋಯಿತು. ಅಲ್ಲಿಂದ ಬಲಕ್ಕೆ ಸಾಲಾಗಿ ಬಂತು, ಮತ್ತೆ ಕೆಳಗಿನ ಸಾಲು. “ಜಹಾಜಿನಾಗ ಛತ್ರಿ ಯಾಕ ಬೇಕು? ತಗಿ. ಚಾದಾನಿ, ತಗಿ. ಈ ಪಿಟೀಲ ಯಾರ ಇಟ್ಟಾರ ಇಲ್ಲೆ? ತಗಿ.”

ಮೂರು ನಿಮಿಷದಲ್ಲಿ ಹನ್ನೊಂದು! ಪಟ್ಟಿ ಓದಲು ಬಾರದ ಹೆಂಗಸು ಪಟ್ಟಿಯಲ್ಲಿದ್ದದ್ದನ್ನೆಲ್ಲ ಎತ್ತಿ ಹಾಕಿದ್ದರು. ಆಟ ಮಾಡಿದವರು ಹಡಗಿಗೆ ಸಂಬಂಧವಿಲ್ಲದ್ದನ್ನೇ ಅಡಗಿಸಿಟ್ಟಿದ್ದರಲ್ಲ, ಹಾಗಾಗಿ. ಉಳಿದದ್ದೊಂದು ನಟ್ಟು ಬಿಚ್ಚುವ ಪಾನಾ. ಅದು ಅವರ ಕಣ್ಣೆದುರೇ ಇತ್ತು, ಮುಟ್ಟಲೊಲ್ಲರು.

“ಪಾನಾ ಜಹಾಜಿಗೆ ಬೇಕಾದ್ದು. ಅದು ಬ್ಯಾಳಿ ಇದ್ದಂಗ. ಬ್ಯಾಳಿ ಯಾರರ ಹೊರಗ ಒಗೀತಾರೇನ?”

“ಅತ್ತಿ, ಪಟ್ಟಿಯೊಳಗ ಐತ್ರಿ.”

“ಪಟ್ಟಿ ಬರದಾಂವಗ ಕೆಲಸ ಗೊತ್ತಿಲ್ಲ ಬಿಡು.”

ಅವರಿಗೆ ಕಾಣದಂತೆ ನಾನೇ ಒತ್ತಿದೆ. ಪೆಟ್ಟಿಗೆ ತೆರೆದು ಒಬ್ಬ ಗಡ್ಡದವನು ಕಣ್ಣುಜ್ಜಿಕೊಳ್ಳುತ್ತ ಎದ್ದ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಆ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು, ಅವರು ಹಾಗೆ ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು.

ಅಲ್ಲಿಂದ ದಿನಾ ಸಂಜೆ ಕರೆಂಟ್ ಇದ್ದರೆ ನಮ್ಮಿಬ್ಬರದು ಹಡಗಿನ ಸವಾರಿ. ನಾನು ಹೆಸರು ಓದಿ ಹೇಳುವುದು, ಅವರು ಬೆರಳು ತೋರಿಸುವುದು, ನಾನು ಒತ್ತುವುದು. ಒಗಟುಗಳೂ ಅವರಿಗೆ ಲೆಕ್ಕಕ್ಕಿರಲಿಲ್ಲ. ಕಿತ್ತುಹೋದ ಕೊಳವೆಗಳನ್ನು ಜೋಡಿಸುವ ಒಗಟನ್ನು ರಂಗೋಲಿಯ ಎಳೆ ಅಂತ ತಿಳಿದು ಒಂದೇ ಉಸಿರಿಗೆ ಕೂಡಿಸಿದರು. ಪೆಟ್ಟಿಗೆಯಲ್ಲಿ ಉಳಿದವರದೇ ಅವರಿಗೆ ಚಿಂತೆ. ರೊಟ್ಟಿ ಬಡಿಯುತ್ತಾ, “ಪಾಪ, ಇನ್ನೂ ಇಬ್ಬರು ಮಲಗ್ಯಾರ. ಹೊಟ್ಟಿ ಎಷ್ಟ ಹಸದಿರಬೇಕು,” ಅನ್ನುತ್ತಿದ್ದರು. ಅತ್ತೆ-ಸೊಸೆ ಹೀಗೂ ಇರಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ.

ಏಳನೇ ಕೋಣೆಗೆ ಬಂದು ನಿಂತೆವು. ಅದು ಹಡಗಿನ ಔಷಧದ ಕೋಣೆ, ದೀಪ ಮಂದ, ಕಪ್ಪು ಕಪಾಟುಗಳು. ಒಂಬತ್ತು ಸಾಮಾನು ಎಂದಿನಂತೆ ಸಿಕ್ಕವು. ಶೀಶೆ, ಕೈಚೀಲ, ಕೀಲಿ, ಈ ಮೂರು ಸಿಗಲಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ ಅತ್ತೆಗೆ ರೇಗಿತು.

“ಇದರಾಗ ಶೀಶಿ ಇಲ್ಲ! ಆಟ ಮಾಡಿದಾಂವ ಲುಚ್ಚಾ ಅದಾನ. ಇಟ್ಟಿಲ್ಲ, ಸುಳ್ಳ ಬರದಾನ.”

ಶೀಶೆ ಅವರ ಮೂಗಿನ ನೇರಕ್ಕೇ ಇತ್ತು. ಕಡುನೀಲಿ ಶೀಶೆ. ಕೈಚೀಲ ನೀಲಿ. ಕೀಲಿಯೂ ನೀಲಿ. ಸಾಸಿವೆಯಷ್ಟು ಹರಳು ಬಿಡದ ಕಣ್ಣಿಗೆ ಗೇಣುದ್ದದ ಶೀಶೆ ಕಾಣುತ್ತಿಲ್ಲ! ಆಗ ನನಗೆ ಒಂದೊಂದೇ ನೆನಪಾಯಿತು. ನನ್ನ ನೀಲಿ ಇಳಕಲ್ ಸೀರೆಯನ್ನು ಅವರು ಕರೀ ಸೀರೆ ಅಂದಿದ್ದು. ಸೂಜಿಗೆ ದಾರ ಪೋಣಿಸಲು ನನಗೆ ಕೊಟ್ಟಿದ್ದು. ಆ ತಿಂಗಳಲ್ಲೇ ಝಳಕಿಯ ಒಂದು ಖಾನಾವಳಿಯಿಂದ ಬೇಳೆಯಲ್ಲಿ ಹರಳು ಸಿಕ್ಕಿತೆಂದು ಎರಡು ಸಲ ದೂರು ಬಂದಿತ್ತು, ರಾವಸಾಬರು ನಕ್ಕು ಬಿಟ್ಟಿದ್ದರು. ದಿನಾ ಪಕ್ಕದಲ್ಲಿ ಕೂತು ಆಟ ಆಡುತ್ತಿದ್ದ ನನಗೆ ಇದು ಹೊಳೆಯಲಿಲ್ಲವಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

“ಅತ್ತಿ, ಶೀಶಿ ಐತ್ರಿ. ನೀಲಿ ಐತಿ,” ಅಂದೆ.

ಅವರು ಪರದೆಗೆ ಮುಖ ಹತ್ತಿರ ತಂದು ನೋಡಿದರು. ಆಮೇಲೆ ಬೆರಳು ಮಡಚಿ ಮಡಿಲಲ್ಲಿಟ್ಟುಕೊಂಡರು.

“ನನಗ ಕಾಣವಲ್ದು, ಸುವರ್ಣಾ. ವರ್ಷ ಆತು. ಬೆರಳಿಲೆ ಮುಟ್ಟಿ ಮುಟ್ಟಿ ನೋಡಾಕತ್ತೇನಿ. ಬ್ಯಾಳಿ ಬಣ್ಣದ್ದ ಹರಳ ಬಂದ್ರ ಬೆರಳಿಗೂ ಸಿಗವಲ್ದು.”

“ಮತ್ತ ಯಾಕ ಹೇಳಲಿಲ್ರಿ? ಇದು ಪೊರಿ ಇರಬೇಕು. ವಿಜಾಪುರಕ್ಕ ಹೋಗಿ ತಗಸಿದ್ರ ಮುಗೀತು.”

“ಹೇಳಿದ್ರ ಕಡೀ ಮೊರ ಬಾಳಮ್ಮಗ ಹೊಕ್ಕೈತಿ. ಹ್ವಾದದ್ದು ತಿರಗಿ ಬರಾಂಗಿಲ್ಲ.”

ಒಂದು ಮೊರಕ್ಕಾಗಿ ಕಣ್ಣು ಕಳೆದುಕೊಳ್ಳುತ್ತೀರಾ ಅಂತ ಜಗಳಕ್ಕೇ ನಿಂತೆ. ಆ ಮನೆಯಲ್ಲಿ ನಾನು ದನಿ ಎತ್ತಿದ್ದೂ ಅವತ್ತೇ ಮೊದಲು. ಅವರು ಎದ್ದು ಹೋದರು. ಆದರೆ ಬೆಳಗಾಗುತ್ತಲೇ ಗೋದಾಮಿಗೆ ಹೋಗಿ, ಮೊರವನ್ನು ತಾವೇ ಬಾಳಮ್ಮನ ಮುಂದೆ ಇಟ್ಟು, “ನನ್ನ ಕಣ್ಣಿಗೆ ಪೊರಿ ಬಂದೈತಿ. ನೀ ಕುಂದ್ರು,” ಅಂದು ಬಂದರು. ಬರುವಾಗ ದಾರಿಯಲ್ಲಿ ಅತ್ತಿದ್ದರು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು.

ಆಪರೇಶನ್ ಚೆನ್ನಾಗಿಯೇ ಆಯಿತು. ಪಟ್ಟಿ ಬಿಚ್ಚಿದ ದಿನ ಅವರು ಕೇಳಿದ ಮೊದಲ ಮಾತು, “ಈ ಸೀರಿ ಯಾವಾಗ ತಗೊಂಡೆವ್ವಾ? ಇಷ್ಟ ನೀಲಿ!” ಅದೇ ಹಳೆಯ ಇಳಕಲ್. ಮನೆಗೆ ಬಂದು ಕಪ್ಪು ಕನ್ನಡಕ ಸರಿಸಿ ಸರಿಸಿ ಆಕಾಶ ನೋಡಿದರು, ಬಕೀಟು ನೋಡಿದರು, ಎದುರು ಮನೆಯ ಕದ ನೋಡಿದರು. ನೀಲಿ ಇದ್ದದ್ದನ್ನೆಲ್ಲ ನನ್ನನ್ನು ಕರೆಕರೆದು ತೋರಿಸಿದರು. ಹದಿನೈದು ದಿನ ಬಿಟ್ಟು ಏಳನೇ ಕೋಣೆಯನ್ನು ಎರಡು ನಿಮಿಷದಲ್ಲಿ, ಎಂಟನೆಯದನ್ನು ನಾಲ್ಕು ನಿಮಿಷದಲ್ಲಿ ಮುಗಿಸಿ ಆ ಎಂಟು ಮಂದಿಯನ್ನೂ ಅವರವರ ಊರಿಗೆ ಕಳಿಸಿಕೊಟ್ಟರು.

ತಮ್ಮ ಜಾಗದ್ದು ಮಾತ್ರ ಬಗೆಹರಿದಿರಲಿಲ್ಲ. ಎರಡು ತಿಂಗಳ ಮೇಲೆ ಗೋದಾಮಿಗೆ ಹೋದರೆ ಬಾಳಮ್ಮ ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ.

“ನಾ ಯಾಕ ಏಳಬೇಕಬೇ? ನಿನ್ನ ಕಣ್ಣ ಪಾಡ ಆಗೇತಿ ಅಂತ ನೀ ಹೇಳಿದ್ರ ಆತೇನ?”

ಉಳಿದ ನಾಲ್ವರಲ್ಲಿ ಇಬ್ಬರು ಆ ಕಡೆ, ಇಬ್ಬರು ಈ ಕಡೆ. ರಾವಸಾಬರು ಹೆಂಗಸರ ಜಗಳಕ್ಕೆ ಹೆದರಿ, ನಿಮ್ಮ ನಿಮ್ಮಲ್ಲೇ ತೀರಿಸಿಕೊಳ್ಳಿರಿ ಅಂತ ಜಾರಿಕೊಂಡರು. ಆಗ ನಮ್ಮತ್ತೆಯೇ ಪಣ ಒಡ್ಡಿದರು. “ನಮ್ಮ ಮನಿಗೆ ಬಾ. ಕಂಪ್ಯೂಟರ್‌ದಾಗ ಒಂದು ಜಹಾಜ ಐತಿ. ಯಾರ ಹೆಚ್ಚಿಗಿ ಹಸನ ಮಾಡತಾರ, ಅವರದ ಕಡೀ ಮೊರ.”

ಆ ಐತವಾರ ಮಧ್ಯಾಹ್ನ ಆರು ಮಂದಿಯೂ ನಮ್ಮ ಮನೆಯಲ್ಲಿ ಸೇರಿದರು. ಕೋಣೆ ಸಣ್ಣದು, ಉಳಿದ ನಾಲ್ವರನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟೆ. ಒಳಗೆ ನಾವು ಮೂವರೇ. ಅತ್ತೆ ಏಳನೇ ಕೋಣೆಯನ್ನೇ ತೆರೆಯಲು ಹೇಳಿದರು. ಅದರಲ್ಲಿ ಪ್ರತಿ ಸಲ ಸಾಮಾನಿನ ಜಾಗ ಬದಲಾಗುತ್ತದೆ, ಆದ್ದರಿಂದ ಮೋಸವೇನೂ ಇರಲಿಲ್ಲ.

ಮೊದಲು ಬಾಳಮ್ಮ ಕೂತರು. ನಾನು ಹೆಸರು ಓದಿದೆ, ಆಕೆ ನಮ್ಮತ್ತೆಯ ಹಾಗೆಯೇ ಮೇಲಿನ ಎಡಮೂಲೆಯಿಂದ ಸಾಲು ಹಿಡಿದರು. ಎಂಥ ಕೈ! ಒಂಬತ್ತು ಸಾಮಾನು ಪಟಪಟ ಸಿಕ್ಕವು. ಆಮೇಲೆ ಬೆರಳು ತಡವರಿಸಿತು. ಶೀಶೆಯ ಮೇಲಿಂದಲೇ ಎರಡು ಸಲ ಹಾದುಹೋಯಿತು.

“ಶೀಶಿ ಇಲ್ಲ ಇದರಾಗ,” ಅಂದರು ಬಾಳಮ್ಮ. “ಕೈಚೀಲಾನೂ ಇಲ್ಲ, ಕೀಲೀನೂ ಇಲ್ಲ. ಆಟ ಖೊಟ್ಟಿ ಐತಿ.”

ನಾನು ಅತ್ತೆಯನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ.

ಅವರ ಸರದಿ ಬಂತು. ಒಂಬತ್ತು ಸಾಮಾನು ಸಲೀಸಾಗಿ ಸಿಕ್ಕವು. ಬಾಳಮ್ಮ ಪರದೆ ನೋಡುವುದನ್ನು ಬಿಟ್ಟು ಅತ್ತೆಯ ಮುಖವನ್ನೇ ನೋಡುತ್ತಾ ಕೂತಿದ್ದರು. ಅತ್ತೆಯ ಕಣ್ಣು ನೀಲಿ ಶೀಶೆಯ ಮೇಲೆ ಹೋಗಿ ನಿಂತಿತು. ನಾನು ಮೌಸನ್ನು ಅಲ್ಲಿಗೇ ಒಯ್ದೆ.

“ಉಳದದ್ದ ನನಗೂ ಕಾಣವಲ್ದು,” ಅಂದರು ಅತ್ತೆ.

ನಾನು ಬಾಯಿ ತೆಗೆಯುವಷ್ಟರಲ್ಲಿ ಮೇಜಿನ ಕೆಳಗೆ ತೊಡೆ ಚಿವುಟಿದರು. ಮೂರು ದಿನ ಕಂದಿತ್ತು.

ಸಮಸಮ ಆಯಿತು, ಹಾಗಾಗಿ ಈಗ ಕೂತಿರುವ ಬಾಳಮ್ಮನೇ ಕೂತಿರಲಿ ಅಂತ ಕಟ್ಟೆಯ ಮೇಲಿನವರು ತೀರ್ಮಾನ ಕೊಟ್ಟರು. ಎಲ್ಲರೂ ಹೋದ ಮೇಲೆ ನಾನು ಅತ್ತೆಯ ಮೇಲೆ ಹರಿಹಾಯ್ದೆ. ಅವರು ಚಹಾದ ಕಪ್ಪುಗಳನ್ನು ಒಟ್ಟುಮಾಡುತ್ತಾ ಹೇಳಿದರು, “ನಾ ಒಂದ ವರ್ಷ ಒಬ್ಬಾಕಿನ ಅಂಜಿಕೋತ ಕುಂತಿದ್ದೆ. ಅದು ಎಂಥಾದ್ದು ಅಂತ ನನಗ ಗೊತ್ತೈತಿ. ಅಷ್ಟ ಮಂದಿ ಮುಂದ ಅಕಿ ಮಾನ ನಾ ಯಾಕ ತಗೀಲಿ?”

ಮರುದಿನ ಬಾಳಮ್ಮನ ಮನೆಗೆ ಹೋಗಿ, ಡಾಕ್ಟರು ಮತ್ತೊಮ್ಮೆ ಬಂದು ತೋರಿಸಲು ಹೇಳಿದ್ದಾರೆ, ಬಸ್ಸಿನಲ್ಲಿ ಹೋಗಲು ಅಂಜಿಕೆ, ಜೊತೆಗೆ ಬಾ ಅಂತ ಕರೆದರು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ, ಕಿವಿಯೆಲ್ಲ ಕೆಂಪಗಾಗಿತ್ತು. ಬಾಳಮ್ಮ ಒಂದೇ ಮಾತಿಗೆ ಒಪ್ಪಿದರು. ಬುಧವಾರ ಮೂವರೂ ವಿಜಾಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಅವರಿಬ್ಬರೂ ಕಿಡಕಿ ಪಕ್ಕದ ಜಾಗಕ್ಕೆ ಜಗಳಾಡಿದರು.

ಅವರಿಬ್ಬರನ್ನೂ ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ ನಾನು ಚೀಟಿ ಮಾಡಿಸಿ ತಂದೆ. ಒಂದಲ್ಲ, ಎರಡು. ಅತ್ತೆ ಎರಡನೆಯದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮಾತು ಹೇಗೆ ತೆಗೆಯುವುದೆಂದು ತಿಳಿಯದೆ ಕೆಮ್ಮಿದರು.

“ಬಾಳಮ್ಮ, ಹ್ಯಾಂಗೂ ಬಂದೇವಿ. ನಿಂದೂ ಒಂದೀಟ ತೋರಸಿದ್ರ…”

“ಚೀಟಿ ತಾ ಇಲ್ಲೆ,” ಅಂತ ಬಾಳಮ್ಮ ಕೈ ಚಾಚಿದರು. “ಅದಕ್ಕ ಬಂದೇನಿ. ನನಗ ತಿಳೀಲಿಲ್ಲ ಅಂತ ಮಾಡೀ ಏನ? ಇಪ್ಪತ್ತೆರಡ ವರ್ಷ ನಿನ್ನ ಬಾಜೂಕ ಕುಂತೇನಿ ಶೇವಂತಿ. ನಿನ್ನ ಕಣ್ಣಿಗೆ ಬಿದ್ದದ್ದನ್ನ ನೀ ಬಿಟ್ಟದ್ದ ನಾ ಒಂದ ದಿನಾನೂ ನೋಡಿಲ್ಲ. ಅವತ್ತ ಬಿಟ್ಟಿ.”

ನಮ್ಮತ್ತೆ ಸೆರಗಿನಿಂದ ಚೀಟಿ ತೆಗೆದು ಕೊಟ್ಟರು. ನರ್ಸ್ ಹೆಸರು ಕೂಗಿದಾಗ ಬಾಳಮ್ಮ ಎದ್ದು, ಎಲೆ ಅಡಿಕೆಯ ಸಂಚಿಯನ್ನು ಅವರ ಮಡಿಲಿಗೆ ಹಾಕಿ, ಕದದ ತನಕ ಹೋಗಿ ತಿರುಗಿ ನಿಂತರು.

“ನಾ ಬರೂತನಾ ಕಡೀ ಮೊರಕ್ಕ ನೀನ ಕುಂದ್ರು. ಮತ್ತ ಯಾರನ್ನೂ ಕುಂದ್ರಸಬ್ಯಾಡ.”